ನಡುವಿನ ಜಾಗ ಎಲ್ಲಿ ಹೋಯಿತು, ಸಾವಕಾರರೇ?

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಅರಬಿ (ಬಟ್ಟೆ) ಸಾವಕಾರರಿಗೆ, ಅವರ ಹೊಸ ಕಟ್ಟಡಗಳಿಗೆ ಪ್ಲಾನ್ ಬರೆದುಕೊಡುವ ಎಂಜಿನಿಯರರಿಗೆ ಶರಣು.

ತೆಲಂಗಾಣದ ಯಾವ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸು ‘ಶಾಪಿಂಗ್ ಮಾಲ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಒಳಗೆ ಸಿನಿಮಾ ಇಲ್ಲ, ತಿಂಡಿಯ ಸಾಲಿಲ್ಲ, ಹತ್ತಾರು ಮಳಿಗೆಗಳೂ ಇಲ್ಲ. ಇರುವುದು ಒಬ್ಬರದೇ ಅರಬಿ ಅಂಗಡಿ, ಮೂರೋ ನಾಲ್ಕೋ ಅಂತಸ್ತಿನದು. ಕೆಳಗೆ ದಿನಬಳಕೆಯ ಸೀರೆ, ಅದರ ಮೇಲೆ ರೇಷ್ಮೆ, ಇನ್ನೂ ಮೇಲೆ ಪ್ಯಾಂಟು, ಶರ್ಟು, ಮಕ್ಕಳ ಬಟ್ಟೆ. ಸೌತ್ ಇಂಡಿಯಾ ಶಾಪಿಂಗ್ ಮಾಲ್, ಸಿಎಂಆರ್ ಶಾಪಿಂಗ್ ಮಾಲ್ ಎಂಬ ದೊಡ್ಡ ದೊಡ್ಡ ಹೆಸರುಗಳೂ ಮೂಲದಲ್ಲಿ ಜವಳಿ ಅಂಗಡಿಗಳೇ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಳಿಯ ಬೋರ್ಡು ನೋಡಿ ನಕ್ಕರೆ ಅವನ ತಪ್ಪೇನೂ ಇಲ್ಲ. ಅವನ ಲೆಕ್ಕದಲ್ಲಿ ಮಾಲ್ ಅಂದರೆ ಬೇರೆ, ಈ ಕಡೆಯವರ ಲೆಕ್ಕದಲ್ಲಿ ಬೇರೆ.

ಹೆಸರಿನ ಜಗಳಕ್ಕೆ ಈ ಪತ್ರ ಬರೆದದ್ದಲ್ಲ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಲಿ. ಆದರೆ ದೊಡ್ಡ ಊರಿನ ಮಾಲನ್ನು ನೋಡಿ ಬಂದು ಅದರಂತೆ ಕಟ್ಟಲು ಹೊರಟವರು ಅದರ ಮುಖವನ್ನಷ್ಟೇ ಹೊತ್ತು ತಂದಿದ್ದಾರೆ, ಹೊಟ್ಟೆಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಗಾಜು ಬಂತು, ಎಸಿಪಿ ಎಂಬ ಅಲ್ಯುಮಿನಿಯಂ ಶೀಟಿನ ಎಲಿವೇಷನ್ ಬಂತು, ತಣ್ಣನೆ ಗಾಳಿ ಬಂತು. ಮಾಲನ್ನು ಮಾಲ್ ಮಾಡುವ ಜಾಗ ಮಾತ್ರ ಬರಲಿಲ್ಲ.

ಆ ಜಾಗ ಅಂಗಡಿಯಲ್ಲ, ಅಂಗಡಿಗಳ ನಡುವಿನದು. ‘ಮಾಲ್’ ಎಂಬ ಶಬ್ದವೇ ಅದನ್ನು ಹೇಳುತ್ತದೆ. ಲಂಡನ್ನಿನಲ್ಲಿ ‘ಪಾಲ್ ಮಾಲ್’ ಎಂಬ ಆಟವೊಂದಿತ್ತು. ಮರದ ಕೊಡತಿಯಿಂದ ಚೆಂಡು ಹೊಡೆಯುವುದು. ಆಡಲು ಉದ್ದನೆಯ ಓಣಿ ಬೇಕಿತ್ತು. ಆಟ ನಿಂತ ಮೇಲೆ ಮರಗಳ ಸಾಲಿನ ಆ ಓಣಿಗಳು ಜನ ಅಡ್ಡಾಡುವ ದಾರಿಗಳಾದವು, ಹೆಸರು ಉಳಿಯಿತು. ಅಂದರೆ ಮೊದಲಿಗೆ ಮಾಲ್ ಎಂದರೆ ಮಾರುವ ಜಾಗ ಅಲ್ಲವೇ ಅಲ್ಲ, ಬರೀ ನಡೆಯುವ ಜಾಗ.

ಪೂರಾ ಮುಚ್ಚಿದ, ಗಾಳಿಯನ್ನೂ ಅಳತೆಯಲ್ಲಿ ಇಟ್ಟ ಮೊದಲ ಮಾಲ್ ಬಾಗಿಲು ತೆರೆದದ್ದು ಅಮೆರಿಕದ ಮಿನೆಸೋಟಾ ರಾಜ್ಯದ ಈಡೈನಾ ಎಂಬ ಊರಲ್ಲಿ, 1956ರ ಅಕ್ಟೋಬರ್ 8ರಂದು. ಹೆಸರು ಸೌತ್‌ಡೇಲ್. ಇಪ್ಪತ್ತನಾಲ್ಕು ದಿನ ಕಳೆದು ನವೆಂಬರ್ 1ಕ್ಕೆ ಇತ್ತ ಹೈದರಾಬಾದ್ ರಾಜ್ಯ ಒಡೆದು, ರಾಯಚೂರು ಮೈಸೂರು ರಾಜ್ಯಕ್ಕೆ, ಮಕ್ತಲ್ ಗದ್ವಾಲ ಆಂಧ್ರಪ್ರದೇಶಕ್ಕೆ ಹೋದವು. ಒಂದೇ ತಿಂಗಳೊಳಗೆ ಅಲ್ಲಿ ಒಂದು ಸೂರಿನಡಿ ಎಲ್ಲ ಸೇರಿತು, ಇಲ್ಲಿ ಕೃಷ್ಣಾ ಎಂಬ ಒಂದೇ ಹೊಳೆಯ ಮಂದಿ ಎರಡು ರಾಜ್ಯವಾದರು. ಇದು ಬರೀ ಕಾಕತಾಳೀಯ, ಆದರೂ ಕೃಷ್ಣಾ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತವರಿಗೆ ನೆನಪಿಡಲು ಸುಲಭ.

ಸೌತ್‌ಡೇಲನ್ನು ರೂಪಿಸಿದವನು ವಿಕ್ಟರ್ ಗ್ರುಯೆನ್. ವಿಯೆನ್ನಾದಲ್ಲಿ ಹುಟ್ಟಿ ಬೆಳೆದು, 1938ರಲ್ಲಿ ಹಿಟ್ಲರನ ಕಾಟಕ್ಕೆ ಊರು ಬಿಟ್ಟವನು. ಅಮೆರಿಕದಲ್ಲಿ ಎಲ್ಲರೂ ಕಾರಿನಲ್ಲೇ ಓಡಾಡುವುದನ್ನು ಕಂಡು, ತನ್ನೂರಿನ ಚೌಕದಂತೆ ಮಂದಿ ಕಾಲ್ನಡಿಗೆಯಲ್ಲಿ ಸೇರುವ ಜಾಗ ಕಟ್ಟಬೇಕೆಂದುಕೊಂಡ. ಎಪ್ಪತ್ತೆರಡು ಅಂಗಡಿ, ಎರಡು ತುದಿಗೆ ಎರಡು ಭಾರಿ ಮಳಿಗೆ, ನಡುವೆ ಮೇಲಿನಿಂದ ಬೆಳಕು ಬೀಳುವ ಗಿಡಗಳ ಅಂಗಳ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ವರ್ಷವಿಡೀ ಇಪ್ಪತ್ತನಾಲ್ಕು ಡಿಗ್ರಿ. ಮುಂದೆ ಕಟ್ಟಿದವರು ಅಂಗಳದ ಉದ್ದೇಶ ಬಿಟ್ಟು ಲಾಭದ ಲೆಕ್ಕ ಮಾತ್ರ ಎತ್ತಿಕೊಂಡಾಗ ಮುದುಕ ಗ್ರುಯೆನ್ ಸಿಟ್ಟಾದ. ವಿಯೆನ್ನಾಕ್ಕೆ ಮರಳಿದ ಮೇಲೆ, ಈ ಕೂಸಿಗೆ ತಾನು ಅಪ್ಪನಲ್ಲ ಎಂದು ಬಹಿರಂಗವಾಗಿಯೇ ಹೇಳಿ, 1980ರಲ್ಲಿ ತೀರಿಕೊಂಡ.

ಎರಡು ತುದಿಗೆ ಎರಡು ದೊಡ್ಡದು, ನಡುವೆ ಸಣ್ಣ ಅಂಗಡಿಗಳ ಸಾಲು: ಈ ಲೆಕ್ಕ ಅವನಿಗಿಂತ ಬಹಳ ಮೊದಲೇ ಈ ಸೀಮೆಗೆ ಗೊತ್ತಿತ್ತು. ಹಂಪಿಗೆ ಹೋದವರು ವಿರೂಪಾಕ್ಷನ ಬಜಾರನ್ನು ನೆನಪು ಮಾಡಿಕೊಳ್ಳಿ. ಪಡುವಣ ತುದಿಗೆ ಗುಡಿಯ ಗೋಪುರ, ಮೂಡಣ ತುದಿಗೆ ಒಂದೇ ಬಂಡೆಯ ದೊಡ್ಡ ಬಸವಣ್ಣ. ನಡುವೆ ಹತ್ತಿರ ಹತ್ತಿರ ಮುಕ್ಕಾಲು ಕಿಲೋಮೀಟರು ಉದ್ದಕ್ಕೂ ಎರಡೂ ಬದಿ ಕಲ್ಲುಕಂಬದ ಮಂಟಪಗಳು. ಗುಡಿಗೆ ಬಂದವನು ಬಸವಣ್ಣನ ತನಕ ನಡೆಯುತ್ತಾನೆ, ನಡೆಯುವವನ ಕಣ್ಣು ಮಂಟಪದ ಸರಕಿನ ಮೇಲೆ ಬೀಳುತ್ತದೆ. ಇವತ್ತಿನ ಮಾಲಿನವರು ಆ ತುದಿಯ ಮಳಿಗೆಗಳಿಗೆ ‘ಆಂಕರ್’ ಎಂದು ಹೆಸರಿಟ್ಟು, ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟಾದರೂ ಅವುಗಳನ್ನು ತರುತ್ತಾರೆ.

ಬೆಂಗಳೂರಿನ ಮಾಲ್‌ಗಳಲ್ಲಿ ಆಂಕರ್ ಅಡ್ಡಕ್ಕಲ್ಲದೆ ಮೇಲಕ್ಕೂ ಹೋಯಿತು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಶುರುವಾದಾಗ ಅದರ ಮೇಲಂತಸ್ತಿನಲ್ಲಿ ಹನ್ನೊಂದು ಪರದೆಯ ಸಿನಿಮಾ ಮಂದಿರವಿತ್ತು. ಸಿನಿಮಾ ಬಿಟ್ಟ ಮಂದಿ ನೀರಿಳಿದಂತೆ ಅಂತಸ್ತು ಅಂತಸ್ತಾಗಿ ಕೆಳಗಿಳಿಯಬೇಕು. ಇಳಿಯುವಾಗ ಏನಾದರೂ ಕೊಳ್ಳುತ್ತಾರೆ. ಊಟದ ಮನೆಗಳನ್ನು ಮೇಲಿಡುವುದಕ್ಕೂ ಇದೇ ಕಾರಣ. ಎಸ್ಕಲೇಟರಿನ ಜಾಗವೂ ಸುಮ್ಮನೆ ಗೊತ್ತಾಗಿದ್ದಲ್ಲ. ಹಲವು ಮಾಲ್‌ಗಳಲ್ಲಿ ಒಂದಂತಸ್ತು ಹತ್ತಿದವರಿಗೆ ಮುಂದಿನದು ಎದುರಿಗೇ ಸಿಗುವುದಿಲ್ಲ. ಅರ್ಧ ಸುತ್ತು ಹೊಡೆದು ಹೋಗಬೇಕು. ಗಡಿಯಾರ ಕಾಣುವುದಿಲ್ಲ, ಹೊರಗಿನ ರಸ್ತೆ ಕಾಣುವ ಕಿಟಕಿ ಅಪರೂಪ. ಚಪ್ಪಲಿಗೆಂದು ಬಂದವನು ಚಪ್ಪಲಿ ಮರೆತು ಸುಮ್ಮನೆ ಅಡ್ಡಾಡತೊಡಗುವ ಆ ಗಳಿಗೆಗೆ ‘ಗ್ರುಯೆನ್ ಟ್ರಾನ್ಸ್‌ಫರ್’ ಎಂದು ಅವನ ಹೆಸರನ್ನೇ ಅಂಟಿಸಿದ್ದಾರೆ. ಪಾಪ, ಅವನಿಗೆ ಬೇಡವಾಗಿದ್ದೇ ಅದು.

ಇಂಥ ಕಣ್ಕಟ್ಟನ್ನು ಈ ಕಡೆಯವರು ಕಲಿಯಬೇಕೆಂದು ಯಾರೂ ಕೇಳುತ್ತಿಲ್ಲ. ಕಲಿಯಬೇಕಾದದ್ದು ಬೇರೆ ಇದೆ. ಮೊದಲನೆಯದು ಅಳತೆ.

ಹಳೆಯ ಮಾಳಿಗೆ ಮನೆಗಳನ್ನು ಈ ಸೀಮೆಯಲ್ಲಿ ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದರು. ‘ಎಷ್ಟು ಅಂಕಣದ ಮನಿ?’ ಎಂದರೆ ಕಂಬದಿಂದ ಕಂಬಕ್ಕೆ ಎಷ್ಟು ಕಂಡಿ ಎಂದರ್ಥ. ಒಂದು ಅಂಕಣದ ಅಗಲವನ್ನು ಗೊತ್ತುಮಾಡುತ್ತಿದ್ದದ್ದು ಸಿಗುವ ತೊಲೆಯ ಉದ್ದ. ದೊಡ್ಡ ಮಾಲಿಗೂ ಅಂಕಣವಿದೆ. ಹಲವು ಕಡೆ ಕಂಬದಿಂದ ಕಂಬಕ್ಕೆ ಸುಮಾರು 8.4 ಮೀಟರು. ಈ ಅಳತೆ ಎಲ್ಲಿಂದ ಬಂತೆಂದರೆ, ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಮೂರು ಕಾರು ನಿಲ್ಲಬೇಕು. ಒಂದು ಕಾರಿಗೆ ಎರಡೂವರೆ ಮೀಟರಿನಂತೆ ಏಳೂವರೆ, ಮೇಲೆ ಕಂಬದ ದಪ್ಪ. ಮೇಲಿನ ಚಿನ್ನದಂಗಡಿಯ ಅಗಲ, ಐಸ್‌ಕ್ರೀಮಿನ ಕೌಂಟರಿನ ಜಾಗ ಎಲ್ಲವೂ ಕೆಳಗೆ ಕತ್ತಲಲ್ಲಿ ನಿಂತ ಕಾರಿನ ಲೆಕ್ಕದಲ್ಲೇ ಹೊಂದಿಕೊಳ್ಳುತ್ತವೆ.

ನಾರಾಯಣಪೇಟೆಯ ಅರಬಿ ಅಂಗಡಿಗೆ ಕಾರಿನಲ್ಲಿ ಬರುವವರಿಗಿಂತ ಬಸ್ಸಿನಲ್ಲಿ, ಜೀಪಿನಲ್ಲಿ, ಆಟೋದಲ್ಲಿ ಬರುವವರು ಹೆಚ್ಚು. ಹಾಗಾದರೆ ಇಲ್ಲಿನ ಅಂಕಣವನ್ನು ಯಾವುದು ಗೊತ್ತುಮಾಡಬೇಕು? ಲಗ್ನದ ಅರಬಿಗೆ ಬಂದ ಮಂದಿ. ಬೀಗರು ಕೂಡಿ ಹದಿನೈದು ಜನ, ಅವರಲ್ಲಿ ಒಬ್ಬ ಅಜ್ಜಿ, ಒಬ್ಬಳು ಬಸುರಿ, ತೊಡೆಯ ಮೇಲೊಂದು ಕೂಸು. ಹಳೆಯ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತು. ಚಪ್ಪಲಿ ಬಿಟ್ಟು ಎಲ್ಲರೂ ಸುತ್ತ ಕೂತರೆ ನಡುವೆ ಸೀರೆಗಳ ರಾಶಿ ಬೀಳುತ್ತಿತ್ತು, ಚಹಾ ಬರುತ್ತಿತ್ತು. ಆ ಗಾದಿ ಒಂದು ನಡುವಿನ ಜಾಗವೇ ಆಗಿತ್ತು. ಗಾಜಿನ ಕೌಂಟರು ಬಂದ ಮೇಲೆ ಮಾರುವವನು ಆಚೆ, ಕೊಳ್ಳುವವರು ಈಚೆ, ಅಜ್ಜಿ ಮೆಟ್ಟಿಲ ಮೇಲೆ.

ಈಗ ಬೆಳಕಿನ ವಿಷಯ. ಇದರಲ್ಲಿ ಸಾವಕಾರರ ಲಾಭವೇ ಅಡಗಿದೆ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು.

ಗದ್ವಾಲದ ಸೀರೆ ಎಂದರೆ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಬೇರೆ ಬೇರೆ ನೂಲು ಮಗ್ಗದ ಮೇಲೇ ಒಂದರೊಳಗೊಂದು ಕೊಂಡಿ ಹಾಕಿಕೊಳ್ಳುತ್ತವೆ. ಸೂಜಿ ಹೊಲಿಗೆ ಇಲ್ಲ. ಆ ಕೊಂಡಿಯ ಗೆರೆಯನ್ನು ನೋಡಿಯೇ ತಿಳಿದವರು ಅಸಲಿಯೋ ಅಲ್ಲವೋ ಹೇಳುತ್ತಾರೆ. ನಾರಾಯಣಪೇಟೆ ಸೀರೆಯ ಚೌಕುಳಿಯೂ ಅಂಚಿನ ಗೋಪುರದ ಸಾಲೂ ಹಾಗೆಯೇ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಾಸುನೂಲಿಗೆ ಒಂದು ಬಣ್ಣ, ಹೊಕ್ಕುನೂಲಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದ ನವಿಲುಗೊರಳಿನ ರೇಷ್ಮೆಯಂತೂ ತಿರುಗಿಸಿದಂತೆ ಬಣ್ಣ ಬದಲಿಸಬೇಕು. ಟ್ಯೂಬ್‌ಲೈಟಿನ ಕೆಳಗೆ ಅದು ಸತ್ತು ಬೀಳುತ್ತದೆ.

ಹೆಣ್ಣುಮಕ್ಕಳಿಗೆ ಇದು ಗೊತ್ತು. ಸೀರೆ ಆರಿಸಿ ಮುಗಿದ ಮೇಲೆ ಅದನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡದೆ ದುಡ್ಡು ಕೊಡುವವರು ಕಡಿಮೆ. ಒಳಗೆ ಕುಂಕುಮದ ಕೆಂಪು ಎನಿಸಿದ್ದು ಬಾಗಿಲಲ್ಲಿ ಇಟ್ಟಂಗಿಯ ಕೆಂಪಾಗುತ್ತದೆ. ಒಂದು ದೀಪದಲ್ಲಿ ಜೋಡಿಯಾಗಿ ಕಂಡ ಎರಡು ಬಣ್ಣ ಇನ್ನೊಂದು ದೀಪದಲ್ಲಿ ಬೇರೆಯಾಗುವುದು ಬಣ್ಣದ ಮಿಶ್ರಣದ ಗುಣ. ಅದು ಯಾರ ಮೋಸವೂ ಅಲ್ಲ. ಆದರೆ ಮೂರನೇ ಅಂತಸ್ತಿನಲ್ಲಿ ರೇಷ್ಮೆ ಇಟ್ಟು, ಮುಂಭಾಗಕ್ಕೆ ಎಸಿಪಿ ಶೀಟು ಬಡಿದು ಕಿಟಕಿ ಮುಚ್ಚಿದರೆ, ಆಕೆ ಯಾವ ಬಾಗಿಲಿಗೆ ಹೋಗಬೇಕು?

ಮಾಲಿನ ನಡುವಿನ ಬಯಲು, ಎಂಜಿನಿಯರರು ‘ಏಟ್ರಿಯಂ’ ಎನ್ನುವುದು, ಉಪಯೋಗಕ್ಕೆ ಬರುವುದು ಇಲ್ಲಿ. ಎಲ್ಲ ಅಂತಸ್ತುಗಳ ನಡುವೆ ಒಂದೇ ಕಡೆ ಸ್ಲ್ಯಾಬು ಬಿಟ್ಟು, ಮೇಲೆ ಗಾಜು ಇಟ್ಟರೆ ಹಗಲಿನ ಬೆಳಕು ಕೆಳಗಿನವರೆಗೆ ಇಳಿಯುತ್ತದೆ. ಹಳೆಯ ಮಾಳಿಗೆ ಮನೆಯ ಬೆಳಕಿಂಡಿ ಮಾಡುತ್ತಿದ್ದದ್ದೂ ಇದೇ ಕೆಲಸ. ಅಡುಗೆಮನೆಯ ಹೊಗೆ ಹೋಗಲಿಕ್ಕೆ, ಪಡಸಾಲೆಗೆ ಬೆಳಕು ಬರಲಿಕ್ಕೆ. 1993ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ನಲ್ಲಿ ವಾಲ್‌ಮಾರ್ಟ್ ಕಂಪನಿ ಒಂದು ಅಂಗಡಿ ತೆರೆಯಿತು. ಖರ್ಚು ಉಳಿಸಲು ಅರ್ಧ ಚಾವಣಿಗೆ ಮಾತ್ರ ಬೆಳಕಿನ ಗಾಜು ಹಾಕಿದರು. ನೋಡನೋಡುತ್ತ ಗಾಜಿನ ಕೆಳಗಿನ ಅರ್ಧದಲ್ಲಿ ವ್ಯಾಪಾರ ಹೆಚ್ಚು, ಇನ್ನರ್ಧದಲ್ಲಿ ಕಡಿಮೆ ಎಂದು ಕಂಪನಿಗೇ ಕಂಡುಬಂತು.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ನೆತ್ತಿಯ ಮೇಲೆ ಗಾಜೇ ಎಂದು ಎಂಜಿನಿಯರರು ಹುಬ್ಬೇರಿಸಬಹುದು. ಅದಕ್ಕೂ ಜವಳಿಯವರ ಬಳಿಯೇ ಉತ್ತರವಿದೆ. ಹಳೆಯ ಬಟ್ಟೆ ಗಿರಣಿಗಳ ಚಾವಣಿ ಗರಗಸದ ಹಲ್ಲಿನಂತೆ ಇರುತ್ತಿತ್ತು. ಒಂದು ಬದಿ ಇಳಿಜಾರು ತಗಡು, ಇನ್ನೊಂದು ಬದಿ ಬಡಗಣಕ್ಕೆ ಮುಖ ಮಾಡಿದ ನೆಟ್ಟನೆ ಗಾಜು. ಬಡಗಣ ಬೆಳಕಿನಲ್ಲಿ ಸುಡುಬಿಸಿಲಿಲ್ಲ, ನೆರಳಿನ ಗೀಟಿಲ್ಲ, ನೂಲಿನ ಬಣ್ಣ ಇದ್ದಂತೆ ಕಾಣುತ್ತದೆ. ಮುಂಬಯಿಯ ಲೋವರ್ ಪರೇಲಿನಲ್ಲಿ 1905ರಲ್ಲಿ ಶುರುವಾದ ಫೀನಿಕ್ಸ್ ಮಿಲ್ಸ್ ಎಂಬ ಬಟ್ಟೆ ಗಿರಣಿ ಶತಮಾನ ತುಂಬುವ ಮೊದಲೇ ಮಾಲ್ ಆಯಿತು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಫೀನಿಕ್ಸ್ ಮಾರ್ಕೆಟ್‌ಸಿಟಿ, 2023ರಲ್ಲಿ ಹೆಬ್ಬಾಳದ ಬಳಿ ಬಾಗಿಲು ತೆರೆದ ಮಾಲ್ ಆಫ್ ಏಷ್ಯಾ ಎರಡೂ ಆ ಕಂಪನಿಯವೇ. ಇಂದಿಗೂ ಅದರ ಹೆಸರಲ್ಲಿ ‘ಮಿಲ್ಸ್’ ಉಳಿದಿದೆ, ಮಗ್ಗ ಮಾತ್ರ ಒಂದೂ ಇಲ್ಲ. ಮಗ್ಗ ಇನ್ನೂ ಆಡುತ್ತಿರುವ ಊರುಗಳು ನಿಮ್ಮವು.

ನಡುವೆ ಬಯಲು ಬಿಟ್ಟರೆ ಅಷ್ಟು ಚದರಡಿ ನಷ್ಟ ಎಂಬ ಲೆಕ್ಕ ಸಾವಕಾರರದು, ನಿಜ. ಹನ್ನೆರಡಕ್ಕೆ ಇಪ್ಪತ್ತಡಿ ಬಿಟ್ಟರೆ ಅಂತಸ್ತಿಗೆ 240 ಚದರಡಿ ಹೋಯಿತು. ಆದರೆ ಆ ಬಯಲಿನಿಂದ ಕೆಳಗೆ ನಿಂತವಳಿಗೆ ಮೂರನೇ ಅಂತಸ್ತಿನ ರೇಷ್ಮೆ ಕಾಣುತ್ತದೆ. ಈಗ ಮೇಲೇನಿದೆ ಎಂದು ಹೇಳಲಿಕ್ಕೆ ಮೆಟ್ಟಿಲ ಬಾಯಲ್ಲಿ ಒಬ್ಬ ಹುಡುಗ ‘ಅಕ್ಕಾ, ಪಟ್ಟು ಸೀರೆ ಮೇಲ್ರೀ’ ಎಂದು ದಿನವಿಡೀ ಕೂಗುತ್ತ ನಿಲ್ಲಬೇಕು.

ಬಯಲು ಬಿಟ್ಟ ಮೇಲೆ ಬೆಂಕಿಯ ಮಾತನ್ನು ಮರೆಯುವಂತಿಲ್ಲ, ಏಕೆಂದರೆ ಬೆಳಕು ಇಳಿಯುವ ದಾರಿಯಲ್ಲೇ ಹೊಗೆ ಏರುತ್ತದೆ. ತುದಿಯಲ್ಲಿ ಹೊಗೆ ಹೊರಗೆ ಹೋಗುವ ಬಾಯಿ ಇರಬೇಕು, ನೀರಿನ ಸ್ಪ್ರಿಂಕ್ಲರು ಇರಬೇಕು. ಮುಖ್ಯವಾಗಿ, ಬಯಲಿಗೆ ಸಂಬಂಧವಿಲ್ಲದ, ತನ್ನದೇ ಬಾಗಿಲಿರುವ ಇನ್ನೊಂದು ಮೆಟ್ಟಿಲು ಕಟ್ಟಡದ ಬೇರೆ ಮೂಲೆಯಲ್ಲಿ ಇರಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. 2023ರ ಮಾರ್ಚ್ 16ರಂದು ಸಿಕಂದರಾಬಾದಿನ ಸ್ವಪ್ನಲೋಕ್ ಕಾಂಪ್ಲೆಕ್ಸಿನಲ್ಲಿ ಆರು ಜನ, ಎಲ್ಲರೂ ದುಡಿಮೆಗೆ ಬಂದ ಎಳೆಯರು, ಹೊಗೆ ಕುಡಿದು ಸತ್ತರು. 2025ರ ಮೇ 18ರಂದು ಚಾರ್ಮಿನಾರಿನ ಬಳಿ ಗುಲ್ಜಾರ್ ಹೌಜಿನಲ್ಲಿ ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಕಟ್ಟಡ ಹೊತ್ತಿಕೊಂಡಾಗ ಹದಿನೇಳು ಜನ. ಒಳಹೋಗಲಿಕ್ಕೆ ಇಕ್ಕಟ್ಟಾದ ಒಂದೇ ದಾರಿ. ಕೆಳಗೆ ಅಂಗಡಿ, ಮೇಲೆ ಮನೆ, ಒಂದೇ ದಾರಿ: ಈ ವಿವರ ಓದುವಾಗ ಯಾವ ಪೇಟೆಯ ಯಾವ ಕಟ್ಟಡ ಕಣ್ಣ ಮುಂದೆ ಬಂತೆಂದು ಸಾವಕಾರರೇ ಹೇಳಲಿ.

ಮುಂಭಾಗಕ್ಕೆ ಬಡಿಯುವ ಎಸಿಪಿ ಶೀಟಿನ ಬಗ್ಗೆಯೂ ಒಂದು ಮಾತು. ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಅಗ್ಗದ ಶೀಟಿನಲ್ಲಿ ಇರುವುದು ಪ್ಲಾಸ್ಟಿಕ್ಕು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಬೆಂಕಿ ಗೋಡೆ ಹತ್ತಿ ಓಡಿದ್ದು ಇಂಥ ಹೊದಿಕೆಯ ಮೇಲೆಯೇ. ಎಪ್ಪತ್ತೆರಡು ಜನ ಹೋದರು. ಬೆಂಕಿ ತಡೆಯುವ ಶೀಟೂ ಸಿಗುತ್ತದೆ, ರೇಟು ಹೆಚ್ಚು. ಇಲ್ಲವಾದರೆ ವಾಡಿಯ ರೈಲು ದಾರಿಯಲ್ಲೇ ಶಹಾಬಾದ್ ಇದೆ, ಅತ್ತ ತಾಂಡೂರು ಇದೆ. ಅಲ್ಲಿನ ಫರಸಿ ಕಲ್ಲಿಗೆ ಬೆಂಕಿ ಹತ್ತುವುದಿಲ್ಲ, ಬಣ್ಣ ಬಳಿಯಬೇಕಾಗಿಲ್ಲ. ಹೈದರಾಬಾದಿನ ಮೊಅಜ್ಜಂಜಾಹಿ ಮಾರ್ಕೆಟ್ ಕಲ್ಲಿನಲ್ಲೇ ಕಟ್ಟಿದ್ದು, 1935ರ ಸುಮಾರಿಗೆ. ನಡುವೆ ತೆರೆದ ಅಂಗಳ, ಸುತ್ತ ಅಂಗಡಿ, ಮೂಲೆಗೆ ಗಡಿಯಾರದ ಗೋಪುರ. ಗಿರಾಕಿಗೆ ಹೊತ್ತು ತಿಳಿಯಬಾರದೆಂದು ಆ ಮಂದಿ ಅಂದುಕೊಂಡಿರಲಿಲ್ಲವೆಂದು ಕಾಣುತ್ತದೆ. ಮರುಜೀವ ಕೊಟ್ಟ ಮೇಲೆ ಈಗಲೂ ಅಲ್ಲಿ ಸಂಜೆ ಐಸ್‌ಕ್ರೀಮಿಗೆ ಮಂದಿ ಕಿಕ್ಕಿರಿಯುತ್ತಾರೆ.

ಶೌಚಾಲಯದ ಬಗ್ಗೆ ಬಳಸಿ ಹೇಳುವುದು ಬೇಡ. ಮಾಲಿಗೆ ಹೋದವರು ಹೊಗಳುವ ಮೊದಲ ಸಂಗತಿ ಅದೇ. ಗುಡೇಬಲ್ಲೂರಿನಿಂದಲೋ ಕೃಷ್ಣಾದಿಂದಲೋ ಬೆಳಿಗ್ಗೆ ಹೊರಟ ಹೆಣ್ಣುಮಕ್ಕಳು ಸಂಜೆಯ ತನಕ ನೀರು ಕುಡಿಯದೆ ಅರಬಿ ಆರಿಸುತ್ತಾರೆ. ಲಕ್ಷದ ಬಿಲ್ಲು ಹರಿಯುವ ಅಂಗಡಿಯಲ್ಲಿ ಹೆಂಗಸರಿಗೊಂದು ಕೋಣೆ ಇಲ್ಲ ಎಂಬುದಕ್ಕೆ ಚದರಡಿಯ ಲೆಕ್ಕ ಉತ್ತರವಾಗದು.

ಬಾಗಿಲೂ ಹಾಗೆಯೇ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ, ಮಗನ ಜೊತೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ರೈತನನ್ನು ಪಂಚೆ ಉಟ್ಟಿದ್ದಾನೆಂದು ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲವಾಯಿತು, ಏಳು ದಿನ ಮಾಲ್ ಮುಚ್ಚಿಸಿದರು. ನಾರಾಯಣಪೇಟೆಯಲ್ಲಿ ಹಾಗಾಗದು, ಧೋತರ, ರುಮಾಲಿನವನೇ ಇಲ್ಲಿನ ದೊಡ್ಡ ಗಿರಾಕಿ. ಅವನನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ, ಉರ್ದುವಿನಲ್ಲಿ ಒಳಗೆ ಕರೆಯುವ ಪೇಟೆ ಇದು. ಆದರೆ ಕಾವಲುಗಾರ ತಡೆಯದಿದ್ದರೂ ಮೆಟ್ಟಿಲು ತಡೆಯುತ್ತದೆ. ರಸ್ತೆಯಿಂದ ಎರಡಡಿ ಎತ್ತರಕ್ಕೆ ಅಂಗಡಿಯ ನೆಲ ಇಟ್ಟರೆ, ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಪ್ಪತ್ತನಾಲ್ಕಡಿ ಉದ್ದ ಬೇಕು. ಅಷ್ಟು ಜಾಗ ಮುಂದೆ ಇರುವುದಿಲ್ಲ. ಹಾಗಾಗಿ ಎಲ್ಲರೂ ಕಡಿದಾದ ಗ್ರಾನೈಟಿನ ಮೂರು ಮೆಟ್ಟಿಲು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನೆಲವನ್ನು ಆರಿಂಚಿಗೆ ಇಳಿಸಿದರೆ ಆರಡಿಯ ಇಳಿಜಾರು ಸಾಕು. ಮಳೆನೀರಿಗೆ ಅಂಗಡಿಯ ಮುಂದೆ ಒಂದು ಗಟಾರು, ಮೇಲೆ ಕಬ್ಬಿಣದ ಜಾಲರಿ. ಒಳಗಿನ ಎಸ್ಕಲೇಟರಿಗಿಂತ ಇದಕ್ಕೆ ಖರ್ಚು ಎಷ್ಟೋ ಕಡಿಮೆ. ಎಸ್ಕಲೇಟರು ಬೇಕೇ ಬೇಕೆಂದರೆ ಅಂಚಿಗೆ ಬ್ರಷ್ಷಿನ ಸಾಲು ಇರುವುದನ್ನೇ ತರಿಸಿರಿ. ಸೀರೆಯ ನೆರಿಗೆ ಪಕ್ಕದ ಸಂದಿಗೆ ಸಿಗದಂತೆ ಕಾಲನ್ನು ನಡುವಿಗೆ ಸರಿಸುವುದು ಅದೇ.

ಈ ಸಲದ ಲಗ್ನಗಳು ಮುಗಿದ ಮೇಲೆ ಪೇಟೆಯಲ್ಲಿ ಹೊಸ ಕಾಲಂಗಳು ಏಳುತ್ತವೆ. ಮೊದಲ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುವ ದಿನ ಸಾವಕಾರರು ಒಮ್ಮೆ ಮೇಲೆ ಹತ್ತಿ, ಗದ್ವಾಲದ ಸೀರೆಯೊಂದನ್ನು ಜೊತೆಗೆ ಒಯ್ದು, ಕಟ್ಟಡದ ನಟ್ಟನಡುವೆ ನಿಂತು ಬಿಚ್ಚಿ ನೋಡಬೇಕೆಂದು ಕೋರಿಕೆ. ಆಗಿನ್ನೂ ಮೇಲೆ ಆಕಾಶವಿರುತ್ತದೆ. ಬಣ್ಣ ಸರಿಯಾಗಿ ಕಂಡ ಜಾಗಕ್ಕೆ ಸುಣ್ಣದಲ್ಲಿ ಗೀಟು ಹಾಕಿ, ಅಲ್ಲಿ ಕಂಬಿ ಕಟ್ಟಬೇಡವೆಂದು ಗೌಂಡಿಗೆ ಹೇಳಿರಿ.

ಇಂತಿ,
ಹೊಳೆಯ ದಂಡೆಯಿಂದ ಲಗ್ನದ ಅರಬಿಗೆ ಬರುವ ಹದಿನೈದು ಮಂದಿಯಲ್ಲಿ ಒಬ್ಬರು